ಬೇಕಾದಾಗ ತೆಗೆದಿಡಬಹುದಂತೆ!

ಕುಂಬಳೆಯಿಂದ ಉಪ್ಪಳ, ಮಂಜೇಶ್ವರ, ತಲಪಾಡಿ ದಾಟಿ ಮಂಗಳೂರಿಗೆ ಹೋಗುವ ಹೆದ್ದಾರಿ ಅಗಲವಾದದ್ದೇ ತಡ, ಬದಿಯ ಫ್ಲೆಕ್ಸುಗಳೂ ಅಗಲವಾಗಿವೆ. ನಗುವ ಹುಡುಗಿ, ಕೈಯಲ್ಲಿ ಹಲ್ಲು ನೆಟ್ಟಗೆ ಮಾಡುವ ಗಾಜಿನಂಥ ಪ್ಲಾಸ್ಟಿಕ್ ಟ್ರೇ (ಅಲೈನರ್ ಅಂತ ಹೆಸರು), ಅಡಿಯಲ್ಲಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಮೂರು ಮಾತು: ಕಾಣುವುದಿಲ್ಲ, ನೋಯುವುದಿಲ್ಲ, ಬೇಕಾದಾಗ ತೆಗೆದಿಡಬಹುದು. ಮೊದಲಿನ ಎರಡು ಸುಳ್ಳನ್ನು ವ್ಯಾಪಾರ ಅಂತ ಬಿಟ್ಟುಬಿಡಬಹುದು. ಮೂರನೆಯದನ್ನು ಓದಿದಾಗಲೆಲ್ಲ ಮಂಡೆ ಬಿಸಿಯಾಗುತ್ತದೆ.

ಬೇಕಾದಾಗ ಅಂದರೆ ಯಾವಾಗ ಮಾರಾಯ್ರೆ? ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲೇ ಇರಬೇಕು. ಹೆಚ್ಚಿನ ವೈದ್ಯರು ಹೇಳುವ 22 ಅಂತಲೇ ಹಿಡಿಯಿರಿ, ಉಳಿಯುವುದು 120 ನಿಮಿಷ. ಅದನ್ನು ಬದಿಯಡ್ಕ ಕಡೆಯ ಯಾವುದಾದರೂ ಮಾಮೂಲು ಮನೆಯ ದಿನಕ್ಕೆ ಹಂಚಿ ನೋಡಿ. ಬೆಳಗ್ಗೆ ಆರಕ್ಕೆ ಕಾಫಿ, ಎಂಟಕ್ಕೆ ನೀರುದೋಸೆ, ಹನ್ನೊಂದಕ್ಕೆ ಚಾ, ಒಂದೂವರೆಗೆ ಊಟ, ನಾಲ್ಕಕ್ಕೆ ಮತ್ತೆ ಚಾ, ರಾತ್ರಿ ಊಟ. ಆರು ಸಲ ತೆಗೆಯಬೇಕು, ಆರು ಸಲ ಬಾಯಿ ತೊಳೆದು ಹಾಕಬೇಕು. ಕಾಫಿ-ಚಾಕ್ಕೆ ತಲಾ 15 ನಿಮಿಷ, ತಿಂಡಿಗೆ 30, ಎರಡು ಊಟಕ್ಕೆ ತಲಾ 40. ಕೂಡಿಸಿದರೆ 155 ನಿಮಿಷ. ಎಲೆ-ಅಡಿಕೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ, ಆಗಲೇ 35 ನಿಮಿಷ ಸಾಲ. ಈ ಲೆಕ್ಕ ಹಾಕಲು ಡಾಕ್ಟರಾಗಬೇಕಾಗಿಲ್ಲ, ಮೂರನೇ ಕ್ಲಾಸಿನ ಕೂಡಿಸುವಿಕೆ ಸಾಕು. ಆದರೆ ಹಣ ಕಟ್ಟಿಸಿಕೊಳ್ಳುವ ಮೊದಲು ಇದನ್ನು ಕಾಗದದ ಮೇಲೆ ಬರೆದು ತೋರಿಸುವ ಕ್ಲಿನಿಕ್ಕು ಎಷ್ಟುಂಟು?

ಅರ್ಧ ಗಂಟೆ ಹೆಚ್ಚು ಕಡಿಮೆಯಾದರೆ ಏನೀಗ ಅಂತ ಕೇಳುವವರಿದ್ದಾರೆ. ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರಿನ ನಾರಿನ ಪದರ ಇದೆ. ಟ್ರೇ ಒತ್ತಿದಾಗ ಆ ಪದರ ಒಂದು ಬದಿಯಲ್ಲಿ ಹಿಂಡಿ, ಇನ್ನೊಂದು ಬದಿಯಲ್ಲಿ ಎಳೆದುಕೊಳ್ಳುತ್ತದೆ. ಹಿಂಡಿದ ಬದಿಯಲ್ಲಿ ಎಲುಬು ನಿಧಾನಕ್ಕೆ ಕರಗುತ್ತದೆ, ಎಳೆದ ಬದಿಯಲ್ಲಿ ಹೊಸತು ಕಟ್ಟಿಕೊಳ್ಳುತ್ತದೆ. ಈ ಕೆಲಸ ಶುರುವಾಗಬೇಕಾದರೆ ಒತ್ತಡ ಗಂಟೆಗಟ್ಟಲೆ ಬಿಡದೆ ಇರಬೇಕು. ಆಗಾಗ ತೆಗೆದಿಟ್ಟರೆ ಆ ನಾರು ಹಲ್ಲನ್ನು ಇದ್ದಲ್ಲಿಗೇ ಎಳೆಯುತ್ತದೆ, ಟ್ರೇ ಹಾಕಿದಾಗ ಮತ್ತೆ ಮುಂದಕ್ಕೆ, ತೆಗೆದಾಗ ಮತ್ತೆ ಹಿಂದಕ್ಕೆ. ಗೂಟ ಕೀಳಲು ಅಲ್ಲಾಡಿಸಿದಂತೆ! ಒಂದು ಟ್ರೇ ಹಲ್ಲನ್ನು ಸರಿಸುವುದೇ ಸುಮಾರು ಕಾಲು ಮಿಲಿಮೀಟರು, ಅಷ್ಟೇ. ಏಳು ದಿನಕ್ಕೋ ಹದಿನಾಲ್ಕು ದಿನಕ್ಕೋ ಒಂದರಂತೆ ಬದಲಿಸುವ ಈ ಪ್ಲಾಸ್ಟಿಕ್ಕಿನಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಕದ್ದರೆ ವಾರದ ಕೊನೆಗೆ ಆ ಕಾಲು ಮಿಲಿಮೀಟರು ಪೂರ್ತಿ ಕೈಗೆ ಸಿಗುವುದಿಲ್ಲ.

"ಹಾಕಿಕೊಂಡೇ ಚಾ ಕುಡಿದರಾಯಿತು" ಎನ್ನುವ ಜಾಣರಿಗೆ ಒಂದು ಮಾತು. ಬಿಸಿಗೆ ಟ್ರೇಯ ಆಕಾರ ಕೆಡುತ್ತದೆ. ಸಕ್ಕರೆ ಹಾಕಿದ ಚಾ ಹಲ್ಲಿಗೂ ಪ್ಲಾಸ್ಟಿಕ್ಕಿಗೂ ನಡುವೆ ನಿಂತರೆ ಜೊಲ್ಲು ಅದನ್ನು ತೊಳೆಯಲಾರದು, ಹಲ್ಲು ನೆಟ್ಟಗಾಗುವಷ್ಟರಲ್ಲಿ ಹುಳುಕೂ ಹಿಡಿದಿರುತ್ತದೆ. ಟ್ರೇ ಇದ್ದಾಗ ಕುಡಿಯಬಹುದಾದದ್ದು ಬಿಸಿ ಇಲ್ಲದ ಬರೀ ನೀರು. ಎಳನೀರೂ ಬೇಡ, ಅದರಲ್ಲೂ ಸಕ್ಕರೆ ಉಂಟು.

ಇನ್ನು ಜಂಬ್ರದ ಊಟ. ಬಾಳೆಎಲೆಯ ಮುಂದೆ ಕೂತಾಗ ಡಬ್ಬಿ ಮರೆತಿರುತ್ತದೆ, ಟ್ರೇ ಕಾಗದದ ಕರವಸ್ತ್ರದಲ್ಲಿ ಸುತ್ತಿ ಎಲೆಯ ಬಲತುದಿಗೆ. ಪಾಯಸ, ಹೋಳಿಗೆ, ಮಜ್ಜಿಗೆ ಮುಗಿದು ಎಲೆ ಮಡಚಿದಾಗ ಅದೂ ಒಳಗೆ. ಅಲೈನರ್ ಕಳೆಯುವುದು ಬಹುಪಾಲು ಹೀಗೇ, ಕಾಗದದಲ್ಲಿ ಸುತ್ತಿ. ಸಾಮಾನ್ಯ ಬುದ್ಧಿಯ ಮಾತು ಅನ್ನುತ್ತೀರೇನೋ. ಆದರೆ ಕಳೆದ ಮೇಲೆ ಏನು ಮಾಡಬೇಕು ಎಂಬುದು ಸಾಮಾನ್ಯ ಬುದ್ಧಿಗೆ ಹೊಳೆಯುವುದಿಲ್ಲ: ಬಾಯಿ ಖಾಲಿ ಬಿಡಬಾರದು, ಆ ರಾತ್ರಿಯೇ ಹಿಂದಿನ ಟ್ರೇ ಹಾಕಿಕೊಂಡು ಮರುದಿನ ಫೋನ್ ಮಾಡಬೇಕು. ಕಳೆದದ್ದರ ಅವಧಿ ಹೆಚ್ಚುಕಡಿಮೆ ಮುಗಿದಿದ್ದರೆ ಮುಂದಿನದಕ್ಕೆ ಹೋಗಿ ಎನ್ನಬಹುದು, ಮೊನ್ನೆ ಮೊನ್ನೆ ಹಾಕಿದ್ದಾದರೆ ಹೊಸತು ಮಾಡಿಸಬೇಕಾದೀತು. ಅದಕ್ಕೇ ಹಿಂದಿನ ಟ್ರೇಯನ್ನು ತೊಳೆದು ಒಣಗಿಸಿ ನಂಬ್ರ ಬರೆದು ಇಟ್ಟುಕೊಳ್ಳಬೇಕು. ಇದನ್ನು ಮೊದಲ ದಿನವೇ ಹೇಳಲು ಅರ್ಧ ನಿಮಿಷ ಸಾಕು. ಹೇಳುವುದಿಲ್ಲ.

ತೆಗೆಯುವ ರೀತಿಯೂ ಹಾಗೆಯೇ. ಮುಂಬಾಚಿಗೆ ಉಗುರು ಹಾಕಿ ಕಿತ್ತು ಅಂಚು ಸೀಳಿಕೊಂಡವರು ಎಷ್ಟು ಮಂದಿಯೋ. ಹಿಂದಿನ ದವಡೆ ಹಲ್ಲಿನ ನಾಲಿಗೆ ಬದಿಗೆ ಬೆರಳ ತುದಿ ಹಾಕಿ ಒಂದು ಕಡೆ ಸಡಿಲಿಸಬೇಕು, ಆಮೇಲೆ ಇನ್ನೊಂದು ಕಡೆ, ಮುಂದಿನದು ಕಡೆಗೆ. ಹಾಕುವಾಗ ಉಲ್ಟಾ: ಮುಂದೆ ಕೂರಿಸಿ ಹಿಂದಕ್ಕೆ ಬೆರಳಿನಿಂದ ಒತ್ತುತ್ತ ಹೋಗಬೇಕು. ಹಲ್ಲು ಕಚ್ಚಿ ಕೂರಿಸಿದರೆ ಬಿರುಕು ಬಿಡುತ್ತದೆ. ಹೊಸ ಟ್ರೇಯನ್ನು ರಾತ್ರಿ ಊಟವಾದ ಮೇಲೆ ಹಾಕಿದರೆ ಮೊದಲ ನೋವಿನ ಹೊತ್ತು ನಿದ್ದೆಯಲ್ಲಿ ಕಳೆಯುತ್ತದೆ.

'ಕಾಣುವುದಿಲ್ಲ' ಎಂಬುದರ ಕಥೆಗೆ ಬರೋಣ. ಟ್ರೇ ಕಾಣುವುದಿಲ್ಲ, ಸರಿ. ಹಲ್ಲಿನ ಮೇಲೆ ಅಂಟಿಸುವ ಸಣ್ಣ ಉಬ್ಬಿನಂಥ ಗುಬ್ಬಿಗಳು? ಅಟ್ಯಾಚ್‌ಮೆಂಟ್ ಅಂತ ಹೆಸರು, ಹುಳುಕು ತುಂಬುವ ಬಿಳಿ ಕಾಂಪೊಸಿಟ್ಟಿನಿಂದಲೇ ಮಾಡುವುದು. ಹಲ್ಲಿಗೆ ಆ್ಯಸಿಡ್ ಜೆಲ್ ಹಚ್ಚಿ ತೊಳೆದು, ಅಂಟು ಸವರಿ, ಅಚ್ಚಿನ ಟ್ರೇಯಲ್ಲಿ ಕಾಂಪೊಸಿಟ್ ತುಂಬಿಸಿ ಕೂರಿಸಿ, ನೀಲಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಎಷ್ಟು ಹಲ್ಲಿಗೆ ಎಂಬುದು ಹಲ್ಲಿನ ಸ್ಥಿತಿಯ ಮೇಲೆ, ಹತ್ತು ಹನ್ನೆರಡಾದರೂ ಆಶ್ಚರ್ಯವಿಲ್ಲ. ಇವಿಲ್ಲದೆ ಕೆಲಸವೂ ಆಗದು. ಕೋರೆಹಲ್ಲಿನ ಹಿಂದಿನ ಸಣ್ಣ ದವಡೆ ಹಲ್ಲುಗಳು ದುಂಡಗಿರುತ್ತವೆ, ನುಣುಪಾದ ಪ್ಲಾಸ್ಟಿಕ್ಕು ಅವನ್ನು ತಿರುಗಿಸಹೊರಟರೆ ಎಣ್ಣೆಕೈಯಲ್ಲಿ ಬಾಟಲಿಯ ಮುಚ್ಚಳ ತಿರುಗಿಸಿದ ಹಾಗೆ. ಆ ಗುಬ್ಬಿಯೇ ಹಿಡಿತ. ಅದರ ಅಂಚಿಗೆ ಸಾಂಬಾರಿನ ಅರಿಸಿನ ಹಿಡಿಯುತ್ತದೆ, ಚಾದ ಕಪ್ಪು ಹಿಡಿಯುತ್ತದೆ.

ಮತ್ತೆ ತಾಂಬೂಲ. ಅಡಿಕೆ ಬೆಳೆದೇ ಬದುಕುವ ಊರು ನಮ್ಮದು, ಊಟವಾದ ಮೇಲೆ ಎಲೆಗೆ ಸುಣ್ಣ ಸವರುವ ಕೈ ತಡೆಯುವುದಿಲ್ಲ. ಸುಣ್ಣ-ಅಡಿಕೆಯ ಕೆಂಪು ಆ ಗುಬ್ಬಿಯ ಸುತ್ತ ಉಂಗುರದ ಹಾಗೆ ಕೂರುತ್ತದೆ. ಗಟ್ಟಿ ಅಡಿಕೆ ಜಗಿದರೆ ಗುಬ್ಬಿಯೇ ಕಿತ್ತು ಬರುತ್ತದೆ, ಬಂದದ್ದು ಹಲವರಿಗೆ ಗೊತ್ತೂ ಆಗುವುದಿಲ್ಲ, ನುಂಗಿಯಾಗಿರುತ್ತದೆ. ಟ್ರೇ ಏನೋ ಹಾಕಿದಲ್ಲಿ ಕೂರುತ್ತದೆ, ಆದರೆ ಆ ಹಲ್ಲು ತಿರುಗುವುದು ನಿಂತಿರುತ್ತದೆ. ಹಲ್ಲು ನೆಟ್ಟಗೆ ಮಾಡಲು ಬಂದವರನ್ನು "ಎಲೆ-ಅಡಿಕೆ ಉಂಟಾ?" ಅಂತ ಕಾಸರಗೋಡಿನಲ್ಲಿ ಕೂತು ಕೇಳದಿದ್ದರೆ ಅದೆಂಥ ತಪಾಸಣೆ?

ಸಂದಿ ಉಜ್ಜುವುದನ್ನಂತೂ ಗುಟ್ಟಾಗಿಯೇ ಇಡುತ್ತಾರೆ. ಒತ್ತೊತ್ತಾದ ಹಲ್ಲುಗಳಿಗೆ ಜಾಗ ಬೇಕಲ್ಲ, ಅದಕ್ಕೆ ಎರಡು ಹಲ್ಲಿನ ನಡುವೆ ತೆಳ್ಳಗಿನ ಅರದ ಪಟ್ಟಿ ಎಳೆದು ಎನಾಮಲ್ ಸವೆಸುತ್ತಾರೆ. ಒಂದೊಂದು ಸಂದಿಯಲ್ಲಿ ಸಾಮಾನ್ಯವಾಗಿ 0.1ರಿಂದ 0.5 ಮಿಲಿಮೀಟರು, ಎರಡು ಹಲ್ಲಿಗೂ ಹಂಚಿ. ಮಿತಿಯಲ್ಲಿ ಮಾಡಿದರೆ ಅಪಾಯದ್ದೇನೂ ಅಲ್ಲ. ಆದರೆ ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದನ್ನು ಕುರ್ಚಿಯಲ್ಲಿ ಬಾಯಿ ತೆರೆಸಿದ ಮೇಲೆ "ಸ್ವಲ್ಪ ಪಾಲಿಶ್" ಎಂದು ಹೇಳುವುದೇ?

ಎಲ್ಲಕ್ಕಿಂತ ಸಿಟ್ಟು ಬರಿಸುವುದು ಕಂಪ್ಯೂಟರಿನ ಆ ಸಿನಿಮಾ. ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಸೊಟ್ಟ ಹಲ್ಲುಗಳು ಹತ್ತು ಸೆಕೆಂಡಿನಲ್ಲಿ ಮೆರವಣಿಗೆ ಹೊರಟು ಸಾಲಾಗಿ ನಿಲ್ಲುವುದನ್ನು ತೋರಿಸುತ್ತಾರೆ. ಅದು ಬರೀ ಯೋಜನೆ. ಇನ್ವಿಸಲೈನ್ ಎಂಬ ಬ್ರ್ಯಾಂಡಿನ ಅಲೈನರುಗಳ ಬಗ್ಗೆ ಅಮೆರಿಕದ ಆರ್ಥೊಡಾಂಟಿಕ್ಸ್ (ಹಲ್ಲು ನೆಟ್ಟಗೆ ಮಾಡುವ ವಿದ್ಯೆ) ಪತ್ರಿಕೆಯಲ್ಲಿ 2009ರಲ್ಲಿ ಬಂದ ಅಧ್ಯಯನದಲ್ಲಿ, ಪರದೆಯಲ್ಲಿ ತೋರಿಸಿದ ಚಲನೆಯಲ್ಲಿ ಬಾಯಲ್ಲಿ ನಿಜಕ್ಕೂ ಆದದ್ದು ಸರಾಸರಿ ಶೇಕಡಾ 41. 2020ರಲ್ಲಿ ಮತ್ತೆ ಅಳೆದಾಗ ಶೇಕಡಾ 50. ಅರ್ಧಕ್ಕರ್ಧ! ಹಲ್ಲನ್ನು ವಸಡಿನಿಂದ ಕೆಳಗೆಳೆಯುವುದು, ದುಂಡು ಹಲ್ಲನ್ನು ತಿರುಗಿಸುವುದು, ಹಲ್ಲು ಕಿತ್ತ ದೊಡ್ಡ ಸಂದಿಯನ್ನು ಬೇರು ವಾಲದಂತೆ ಮುಚ್ಚುವುದು, ಇಲ್ಲೆಲ್ಲ ಪ್ಲಾಸ್ಟಿಕ್ಕು ಏದುಸಿರು ಬಿಡುತ್ತದೆ. ಅಂಥ ಕಡೆ ತಂತಿಯ ಕ್ಲಿಪ್ಪೇ ಮೇಲು, ಹೇಳಲು ಸಂಕೋಚ ಯಾಕೆ? ಉಳಿದ ಅರ್ಧಕ್ಕೆ ಮತ್ತೆ ಸ್ಕ್ಯಾನ್, ಮತ್ತೆ ಹೊಸ ಟ್ರೇಗಳ ಕಂತೆ, ರಿಫೈನ್‌ಮೆಂಟ್ ಅಂತ ಅದಕ್ಕೊಂದು ಚೆಂದದ ಹೆಸರು. ಅದು ಮೊದಲು ಹೇಳಿದ ದರದೊಳಗೇ ಬರುತ್ತದೋ, ಎಷ್ಟು ಸಲ ಬರುತ್ತದೋ ಎಂಬುದನ್ನು ಬರೆಸಿಕೊಳ್ಳದಿದ್ದರೆ ಲಕ್ಷದ ಲೆಕ್ಕ ಇನ್ನಷ್ಟು ಉದ್ದವಾಗುತ್ತದೆ.

ಟ್ರೇ ದಾರಿ ತಪ್ಪಿದ್ದು ಮನೆಯಲ್ಲೇ ಕಾಣುತ್ತದೆ, ಕನ್ನಡಿ ಮತ್ತು ಮೊಬೈಲಿನ ಟಾರ್ಚು ಇದ್ದರೆ ಸಾಕು. ಮುಂಬಾಚಿಯ ಪಕ್ಕದ ಸಣ್ಣ ಬಾಚಿಹಲ್ಲನ್ನು ನೋಡಿ, ತಂಟೆ ಹೆಚ್ಚಾಗಿ ಅಲ್ಲೇ. ಹಲ್ಲಿನ ಕಚ್ಚುವ ಅಂಚಿಗೂ ಪ್ಲಾಸ್ಟಿಕ್ಕಿಗೂ ನಡುವೆ ಅರ್ಧಚಂದ್ರದಂಥ ಗಾಳಿಯ ಜಾಗ, ಅದರಲ್ಲಿ ಒಂದು ಜೊಲ್ಲಿನ ಗುಳ್ಳೆ, ನಾಲಿಗೆಯಿಂದ ಒತ್ತಿದರೆ ಅತ್ತಿಂದಿತ್ತ ಓಡುತ್ತದೆ. ಹೊಸ ಟ್ರೇಯ ಮೊದಲ ದಿನಗಳಲ್ಲಿ ಕೂದಲೆಳೆಯಷ್ಟು ಇದ್ದರೆ ಪರವಾಗಿಲ್ಲ. ಬದಲಿಸುವ ದಿನ ಬಂದರೂ ಹಾಗೇ ಇದ್ದರೆ ಮುಂದಿನ ಟ್ರೇಗೆ ಹೋಗಲೇಬಾರದು. ಅದೇ ಟ್ರೇಯನ್ನು ಇನ್ನಷ್ಟು ದಿನ, 22 ಗಂಟೆ, ಜೊತೆಗೆ ಜಗಿಯಲು ಕೊಡುವ ಮೆತ್ತನೆಯ ಉರುಳೆಯನ್ನು ಆ ಹಲ್ಲಿನಲ್ಲೇ ಕಚ್ಚಿ ಹಿಡಿದು ಬಿಟ್ಟು, ಐದು ಹತ್ತು ನಿಮಿಷ, ದಿನಕ್ಕೆ ಒಂದೆರಡು ಸಲ. ಆದರೂ ಗುಳ್ಳೆ ಹೋಗದಿದ್ದರೆ ಕ್ಲಿನಿಕ್ಕಿಗೆ. ತಾರೀಕು ಬಂತೆಂದು ಮುಂದಿನ ಟ್ರೇ ತುರುಕುತ್ತ ಹೋದರೆ ನಾಲ್ಕು ಟ್ರೇ ಕಳೆಯುವಷ್ಟರಲ್ಲಿ ಆ ಗುಳ್ಳೆಯ ಜಾಗದಲ್ಲಿ ಅಕ್ಕಿಕಾಳು ಹಿಡಿದೀತು. ಆಮೇಲೆ ರೋಗಿಗೇ ಬೈಗಳು, ನೀವು ಸರಿಯಾಗಿ ಹಾಕಲಿಲ್ಲ ಅಂತ. ಟ್ರೇ ಬದಲಿಸಲು ಬರೀ ದಿನಾಂಕ ಬರೆದು ಕೊಟ್ಟವರು ಯಾರು ಸ್ವಾಮಿ?

ವಯಸ್ಕರ ಬಾಯಿ ಎಳೆಮಕ್ಕಳ ಬಾಯಲ್ಲ. ವಸಡಿನಲ್ಲಿ ರಕ್ತ, ಎಲುಬು ಸವೆತ, ಹಳೆಯ ಕ್ಯಾಪು, ಬೇರಿನ ಚಿಕಿತ್ಸೆ ಎಲ್ಲ ಇರುತ್ತದೆ. ವಸಡಿನ ರೋಗ ಇರುವಾಗಲೇ ಹಲ್ಲು ಎಳೆದರೆ ಎಲುಬು ಇನ್ನೂ ಬೇಗ ಹೋಗುತ್ತದೆ, ಹಲ್ಲು ನೆಟ್ಟಗಾಗಿ ಅಲ್ಲಾಡತೊಡಗುತ್ತದೆ. ಆದ್ದರಿಂದ ಮೊದಲು ಪೂರ್ತಿ ದವಡೆಯ ಎಕ್ಸ್‌ರೇ, ವಸಡಿನ ಆಳದ ಅಳತೆ, ಕ್ಲೀನಿಂಗ್, ಹುಳುಕಿಗೆ ಚಿಕಿತ್ಸೆ, ಆಮೇಲೆ ಟ್ರೇ. ಇಷ್ಟನ್ನೂ ಬಿಟ್ಟು ಮನೆಯಲ್ಲೇ ತೆಗೆದ ಹಲ್ಲಿನ ಅಚ್ಚೋ ಅಂಗಡಿಯ ಸ್ಕ್ಯಾನೋ ನೋಡಿ ಅಂಚೆಯಲ್ಲಿ ಟ್ರೇ ಕಳಿಸುವವರ ಗತಿ ಏನಾಯಿತೆಂದು ಅಮೆರಿಕವನ್ನೇ ನೋಡಿ. ಈ ಧಂದೆಯ ದೊಡ್ಡ ಕುಳ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಸೆಪ್ಟೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಅರ್ಧ ಸರಿದ ಹಲ್ಲಿನವರಿಗೆ ಸಿಕ್ಕಿದ್ದು ಇಷ್ಟು: ಆಜೀವ ಗ್ಯಾರಂಟಿ ಇನ್ನಿಲ್ಲ, ಕಂತು ಮಾತ್ರ ಕಟ್ಟುತ್ತಿರಿ. ನಮ್ಮಲ್ಲಿ ಕಂತಿನ ಮೇಲೆ ಟ್ರೇ ತೆಗೆದುಕೊಳ್ಳುವವರು ಸಹಿ ಹಾಕುವ ಮೊದಲು ಇದನ್ನು ಎರಡು ಸಲ ಓದಿ.

ಸಹಿ ಅಂದಾಗ ನೆನಪಾಯಿತು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಎಂಟು ಪುಟ. ಗಡಿಯ ಈಚೆ ಸೂಚನೆಯ ಹಾಳೆ ಮಲಯಾಳದಲ್ಲಿ. ಗಡಿ ದಾಟಿ ಹೋದರೆ ಮಾತೆಲ್ಲ ಕನ್ನಡ, ತುಳು, ಕಾಗದ ಮಾತ್ರ ಮತ್ತೆ ಇಂಗ್ಲಿಷು. ಬಿಸಿನೀರಿನಲ್ಲಿ ತೊಳೆಯಬೇಡಿ, ತಣ್ಣೀರು ಇಲ್ಲವೇ ಉಗುರುಬೆಚ್ಚಗಿನ ನೀರು ಮತ್ತು ಮೆತ್ತನೆಯ ಬ್ರಷ್ ಸಾಕು, ಪೇಸ್ಟ್ ಹಚ್ಚಿ ಉಜ್ಜಿದರೆ ಗೀರು ಬಿದ್ದು ವಾಸನೆ ಹಿಡಿಯುತ್ತದೆ, ಬಣ್ಣದ ಮೌತ್‌ವಾಶ್‌ನಲ್ಲಿ ನೆನೆಸಬೇಡಿ: ನಾಲ್ಕು ಸಾಲು. ಇದನ್ನು ಕನ್ನಡದಲ್ಲಿ ಒಂದು ಹಾಳೆ ಮುದ್ರಿಸಲು ಉಪ್ಪಳದ ಯಾವ ಡಿಟಿಪಿ ಅಂಗಡಿಯೂ ಲಕ್ಷ ಕೇಳುವುದಿಲ್ಲ. ಅರವತ್ತು ದಾಟಿದವರೂ ಈಗ ಹಲ್ಲು ಸರಿಮಾಡಿಸಿಕೊಳ್ಳುತ್ತಾರೆ, ಅವರಿಗೆ ಇದನ್ನೆಲ್ಲ ಮೊಮ್ಮಕ್ಕಳು ಓದಿ ಹೇಳಬೇಕೇ?

ಮಾತು ತೊದಲುವುದನ್ನೂ ಯಾರೂ ಮೊದಲೇ ಹೇಳುವುದಿಲ್ಲ, ಆದರೆ ಅದು ದೊಡ್ಡ ವಿಷಯವಲ್ಲ. ಸ, ಶ, ಷ ಎಲ್ಲ ಒಂದೇ ಆಗಿ ಕೆಲವು ದಿನ ಜಾರುತ್ತದೆ, ಗಟ್ಟಿಯಾಗಿ ಓದುತ್ತಿದ್ದರೆ ಸರಿಯಾಗುತ್ತದೆ. ತಾಳಮದ್ದಳೆಯಲ್ಲಿ ಅರ್ಥ ಹೇಳುವವರು ಮೊದಲ ವಾರ ಕೂಟ ಒಪ್ಪಿಕೊಳ್ಳದಿದ್ದರೆ ಸಾಕು.

ಮತ್ತೆ ಆ 'ಕೊನೆಯ ಟ್ರೇ'. ಇಪ್ಪತ್ತನೆಯದೋ ಮೂವತ್ತನೆಯದೋ ಮುಗಿದ ದಿನ ಗುಬ್ಬಿ ಕೆರೆದು, ಫೋಟೊ ತೆಗೆದು, ಕೈಕುಲುಕಿ ಕಳಿಸುತ್ತಾರೆ. ಹೊಸದಾಗಿ ಕಟ್ಟಿದ ಎಲುಬು ಇನ್ನೂ ಹಸಿ, ವಸಡಿನ ನಾರುಗಳು ಹಳೆಯ ಜಾಗಕ್ಕೇ ಎಳೆಯುತ್ತಿರುತ್ತವೆ. ಮೊದಲ ಕೆಲವು ತಿಂಗಳು ಹಗಲುರಾತ್ರಿ ರಿಟೈನರ್ (ಹಲ್ಲನ್ನು ಸರಿದ ಜಾಗದಲ್ಲೇ ಹಿಡಿದಿಡುವ ಟ್ರೇ), ಆಮೇಲೆ ರಾತ್ರಿ ಮಾತ್ರ, ಆ ರಾತ್ರಿಗೆ ಕೊನೆಯ ತಾರೀಕಿಲ್ಲ. ಹಲ್ಲು ಹಾಗೇ ಇರಬೇಕು ಅಂದರೆ ಬದುಕಿರುವಷ್ಟು ದಿನ. ಅದೂ ಪ್ಲಾಸ್ಟಿಕ್ಕೇ, ಸವೆಯುತ್ತದೆ, ಒಡೆಯುತ್ತದೆ, ಮತ್ತೆ ಮಾಡಿಸಬೇಕು, ಮತ್ತೆ ದುಡ್ಡು. ಬೇಡವಾದರೆ ಕೋರೆಯಿಂದ ಕೋರೆಗೆ ಹಲ್ಲಿನ ಹಿಂದೆ ತಂತಿ ಅಂಟಿಸಬಹುದು. ಕಾಣದ್ದು ಬೇಕು, ತಂತಿ ಬೇಡ ಅಂತ ಲಕ್ಷ ಕೊಟ್ಟು ಬಂದವರಿಗೆ ಕಡೆಗೆ ಒಳಗಡೆ ತಂತಿ! ರಿಟೈನರಿಗೆ ಎಷ್ಟು, ಮೊದಲ ಜೊತೆ ದರದೊಳಗೆ ಸೇರಿದೆಯೋ ಇಲ್ಲವೋ, ಒಡೆದರೆ ಎಷ್ಟು ದಿನದಲ್ಲಿ ಸಿಗುತ್ತದೆ ಅಂತ ಆ ಫ್ಲೆಕ್ಸಿನ ಕೆಳಗಿನ ನಂಬ್ರಕ್ಕೆ ಫೋನ್ ಮಾಡಿ ಕೇಳಿ ನೋಡಿ. "ಮೊದಲು ಬಂದು ಸ್ಕ್ಯಾನ್ ಮಾಡಿಸಿ" ಅಂತಾರೆ.