ಎಂಟಕ್ಕೆ ನಾಲ್ಕು

ಪ್ಲೈವುಡ್ಡಿನ ಹಾಳೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ. ಬೇರೆ ಅಳತೆಯವೂ ಸಿಗುತ್ತವೆ. ಆದರೆ ಅಂಗಡಿಯಲ್ಲಿ ‘ಒಂದು ಶೀಟು’ ಎಂದರೆ ಇದೇ. ಪುಸ್ತಕದ ಕಪಾಟಾಗಲಿ, ಚಪ್ಪಲಿ ಸ್ಟ್ಯಾಂಡಾಗಲಿ, ಮಗನ ಓದುವ ಮೇಜಾಗಲಿ, ಮನೆಯಲ್ಲಿ ನಾವೇ ಏನು ಮಾಡಲು ಹೊರಟರೂ ಅದು ಈ ಮೂವತ್ತೆರಡು ಚದರಡಿಯೊಳಗೇ ಹುಟ್ಟಬೇಕು. ಹುಟ್ಟದಿದ್ದರೆ ಎರಡನೇ ಶೀಟು. ಎರಡನೇ ಶೀಟಿನ ಮಾತೆತ್ತಿದರೆ ಮನೆಯಲ್ಲಿ ಸಣ್ಣ ಸಭೆ ಸೇರುತ್ತದೆ.

ಹಾಗಾಗಿ ಕೆಲಸ ಶುರುವಾಗುವುದು ಗರಗಸದಿಂದಲ್ಲ, ಪೆನ್ಸಿಲಿನಿಂದ. ನಾನು ಮಗನ ಗ್ರಾಫ್ ಪುಸ್ತಕದ ಹಿಂದಿನ ಹಾಳೆಗಳನ್ನು ಹಿಡಿದು ಕೂರುತ್ತೇನೆ. ದೊಡ್ಡದೊಂದು ಆಯತ, ಅದರೊಳಗೆ ಕಪಾಟಿನ ಪಕ್ಕದ ಹಲಗೆಗಳು, ಅಡ್ಡ ಹಲಗೆಗಳು, ತಳ, ತಲೆ. ಒಂದನ್ನು ಇತ್ತ ಸರಿಸಿದರೆ ಇನ್ನೊಂದು ಹೊರಗೆ ಬೀಳುತ್ತದೆ. ಅಡ್ಡ ಇಟ್ಟಿದ್ದನ್ನು ಉದ್ದಕ್ಕೆ ತಿರುಗಿಸಿದರೆ ಎಲ್ಲ ಕೂರುತ್ತದೆ. ಆದರೆ ಹಾಗೆ ಮನಸ್ಸಿಗೆ ಬಂದಂತೆ ತಿರುಗಿಸುವ ಹಾಗಿಲ್ಲ. ಹಾಳೆಯ ಮೇಲ್ಪದರದ ಎಳೆ ಸಾಮಾನ್ಯವಾಗಿ ಎಂಟಡಿಯ ಕಡೆಗೆ ಹರಿದಿರುತ್ತದೆ. ಭಾರ ಹೊರುವ ಹಲಗೆಯೂ ಆ ಕಡೆಗೇ ಹರಿಯಬೇಕು. ರಾತ್ರಿ ಹನ್ನೊಂದಾದರೂ ಏಳಲು ಮನಸ್ಸಾಗುವುದಿಲ್ಲ. ಪದಬಂಧ ಬಿಡಿಸುವವರಿಗೆ ಈ ಚಟ ಬೇಗ ಅಂಟುತ್ತದೆ.

ಗರಗಸಕ್ಕೂ ಪಾಲು ಕೊಡಬೇಕು, ಅದನ್ನು ಮರೆಯುವ ಹಾಗಿಲ್ಲ. ಎಂಟಡಿಯನ್ನು ನಾಲ್ಕು ಭಾಗ ಮಾಡಿದರೆ ತಲಾ ಎರಡಡಿ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಗರಗಸ ಆ ಶಾಲೆಗೆ ಹೋಗಿಲ್ಲ. ಒಂದೊಂದು ಕೊಯ್ತಕ್ಕೂ ಅದರ ಚಕ್ರ ಸುಮಾರು ಮೂರು ಮಿಲಿಮೀಟರ್ ತಿಂದು ಪುಡಿ ಮಾಡುತ್ತದೆ. ಆಚಾರಿಗಳ ಲೆಕ್ಕದಲ್ಲಿ ಅದು ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ. ಮೂರು ಕೊಯ್ತಕ್ಕೆ ಮೂರು ನೂಲು ಮಾಯ. ಇನ್ನು ಹಾಳೆಯ ದಪ್ಪ. 18 ಮಿಲಿಮೀಟರ್ ಎಂದು ಕೊಂಡದ್ದು ಮನೆಗೆ ತಂದು ಅಳೆದರೆ 17 ಚಿಲ್ಲರೆ ಇರುವುದು ಅಪರೂಪವೇನಲ್ಲ. ಹಲಗೆ ಕೂರಿಸಲು ತೋಡು ಕೊರೆಯುವವರು ಬಿಲ್ಲನ್ನು ನಂಬಬಾರದು, ಹಾಳೆಯನ್ನೇ ಅಳೆಯಬೇಕು.

ಇಷ್ಟೆಲ್ಲ ಲೆಕ್ಕ ಹೇಳುತ್ತಿರುವುದಕ್ಕೆ ಕಾರಣವಿದೆ. ನನ್ನಂಥ ಅರೆಬರೆ ಮನುಷ್ಯ ಮರಗೆಲಸಕ್ಕೆ ಕೈ ಹಾಕಲು ಸಾಧ್ಯವಾಗಿದ್ದೇ ಪ್ಲೈವುಡ್ಡು ಅದನ್ನು ಲೆಕ್ಕದ ವಿಷಯ ಮಾಡಿದ್ದರಿಂದ. ಅಸಲಿ ಮರದ ಹಲಗೆಯ ಕೆಲಸ ಹಾಗಲ್ಲ. ತೇಗವೋ ಹಲಸೋ ಹೊನ್ನೆಯೋ, ಹಲಗೆಯನ್ನು ಕೈಯಲ್ಲಿ ಹಿಡಿದು ಇದು ಒಣಗಿದೆಯೇ, ಮುಂದೆ ಯಾವ ಕಡೆ ಬಾಗುತ್ತದೆ, ಗಂಟು ಎಲ್ಲಿದೆ ಎಂದು ಓದಬೇಕು. ಆ ಓದು ತಲೆಮಾರುಗಳಿಂದ ಬರುವಂಥದ್ದು. ಮರ ತನ್ನ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ಮಲೆನಾಡಿನ ಹಳೇ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಬಾಗಿಲಿಗೆ ಭುಜ ಕೊಟ್ಟು ತಳ್ಳಬೇಕು. ಬೇಸಿಗೆಯಲ್ಲಿ ಅದೇ ಬಾಗಿಲು ಗಾಳಿಗೆ ತಾನಾಗಿ ತೆರೆದುಕೊಳ್ಳುತ್ತದೆ.

ಪ್ಲೈವುಡ್ಡು ಈ ತಕರಾರನ್ನು ಸರಳವಾಗಿ ತೀರಿಸಿತು. ಮರದ ದಿಮ್ಮಿಯನ್ನು ಯಂತ್ರಕ್ಕೆ ಸಿಕ್ಕಿಸಿ, ತಿರುಗಿಸುತ್ತಾ, ಪೆನ್ಸಿಲ್ ಹೆರೆದ ಹಾಗೆ ತೆಳ್ಳಗೆ ಸುಲಿಯುತ್ತಾರೆ. ಬಂದ ಪದರಗಳನ್ನು ಒಂದರ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ ಇಟ್ಟು ಅಂಟು ಹಚ್ಚಿ ಬಿಸಿಯಲ್ಲಿ ಒತ್ತುತ್ತಾರೆ. ಒಂದು ಹಿಗ್ಗಲು ಹೊರಟರೆ ಪಕ್ಕದ್ದು ಬಿಡುವುದಿಲ್ಲ. ಪದರಗಳ ಸಂಖ್ಯೆ ಸಾಮಾನ್ಯವಾಗಿ ಬೆಸ. ಹಾಗಿದ್ದರೆ ಎರಡೂ ಮೈಗಳ ಎಳೆ ಒಂದೇ ದಿಕ್ಕಿಗಿದ್ದು ಎಳೆತ ಸಮನಾಗುತ್ತದೆ, ಹಾಳೆ ಸೊಟ್ಟಗಾಗುವುದಿಲ್ಲ.

ಭಾರತದಲ್ಲಿ ಪ್ಲೈವುಡ್ಡು ಬೇರೂರಿದ್ದು ಮೇಜು ಕುರ್ಚಿಗಲ್ಲ, ಅಸ್ಸಾಮಿನ ಚಹಾ ಪೆಟ್ಟಿಗೆಗೆ. ತೋಟದಿಂದ ಹಡಗು ಹತ್ತುವ ಚಹಾಕ್ಕೆ ಹಗುರವಾದ ಗಟ್ಟಿ ಪೆಟ್ಟಿಗೆ ಬೇಕಿತ್ತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕಾಡಿನ ಮರ ಕಡಿಯುವುದಕ್ಕೆ ಕಡಿವಾಣ ಹಾಕಿದ ಮೇಲೆ ಈಶಾನ್ಯದ ಎಷ್ಟೋ ಕಾರ್ಖಾನೆಗಳು ಮುಚ್ಚಿದವು. ಕಾಡಿನ ಮರದ ಜಾಗಕ್ಕೆ ಹೊಲದ ಮರ ಬಂತು. ಈಗ ಹರಿಯಾಣದ ಯಮುನಾನಗರದಲ್ಲಿ ರೈತರು ಬೆಳೆದ ಪಾಪ್ಲರ್, ಕೇರಳದ ಪೆರುಂಬಾವೂರಿನಲ್ಲಿ ಹಾಲು ಕೊಟ್ಟು ಮುಗಿಸಿದ ರಬ್ಬರ್ ಮರ, ನಮ್ಮ ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದ ಸಿಲ್ವರ್ ಓಕ್, ಎಲ್ಲವೂ ಈ ಯಂತ್ರಕ್ಕೆ ಹೋಗುತ್ತವೆ. ಮೆಣಸಿನ ಬಳ್ಳಿ ಹಬ್ಬಿದ್ದ ಮರವೊಂದು ಯಾರದೋ ಮನೆಯ ಟಿವಿ ಕೆಳಗೆ ಮಲಗಿರಲಿಕ್ಕೂ ಸಾಕು.

ಅಂಗಡಿಗೆ ಹೋದರೆ ಮೊದಲ ಪ್ರಶ್ನೆ ಒಂದು ನಂಬರು. “303 ಕೊಡ್ಲಾ ಸಾರ್, 710 ಕೊಡ್ಲಾ?” ಎರಡೂ ಐಎಸ್, ಅಂದರೆ ಭಾರತೀಯ ಮಾನಕ ಗುಣಮಟ್ಟದ ಸಂಖ್ಯೆಗಳು. 303 ಮನೆಯ ಒಳಗಿನ ಮಾಮೂಲಿ ಕೆಲಸಕ್ಕೆ. 710 ಎಂದರೆ ಮರೀನ್ ಪ್ಲೈ. ಅದರ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿ ಹಾಕಿ ಪರೀಕ್ಷೆ ಮಾಡುತ್ತಾರೆ. ಅಂಗಡಿಯವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ಕೇಳಿ ನಮಗೂ ಆಸೆಯಾಗುತ್ತದೆ. ಆದರೆ ನನ್ನ ಪುಸ್ತಕದ ಕಪಾಟನ್ನು ಮೂರು ದಿನ ಯಾರು ಕುದಿಸುತ್ತಾರೆ ಹೇಳಿ? ಅಡುಗೆಮನೆಯ ಸಿಂಕಿನ ಕೆಳಗೆ, ಬಚ್ಚಲಿನ ಪಕ್ಕ 710 ಬೇಕೇ ಬೇಕು. ಹಾಲಿನಲ್ಲಿ ಕೂರುವ ಕಪಾಟಿಗೆ ಅದು ಸುಮ್ನೆ ದುಡ್ಡು ದಂಡ.

ಶೀಟನ್ನು ಅಂಗಡಿಯಲ್ಲೇ ದೊಡ್ಡ ದೊಡ್ಡ ತುಂಡು ಮಾಡಿಸಿಕೊಂಡು ಬರುವುದು ವಾಸಿ. 18 ಮಿಲಿಮೀಟರಿನ ಒಂದು ಹಾಳೆ ಮೂವತ್ತು ಕಿಲೋ ದಾಟುತ್ತದೆ, ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಹೋಗುವುದಿಲ್ಲ. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡರೆ ಇಡೀ ಕಟ್ಟಡಕ್ಕೆ ನಮ್ಮ ಯೋಜನೆ ಗೊತ್ತಾಗುತ್ತದೆ.

ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಮನೆಯವರನ್ನು ಅಳೆಯುವುದು. ಅಂಗಡಿಯ ಕುರ್ಚಿಯ ಕೂರುವ ಜಾಗ ನೆಲದಿಂದ ಹದಿನೇಳು, ಹದಿನೆಂಟು ಇಂಚು ಎತ್ತರ ಇರುತ್ತದೆ. ಊಟದ ಮೇಜು ಇಪ್ಪತ್ತೊಂಬತ್ತೋ ಮೂವತ್ತೋ. ಇವು ಸರಾಸರಿ ಮನುಷ್ಯನ ಅಳತೆಗಳು. ಆ ಮನುಷ್ಯ ನಮ್ಮ ಮನೆಯಲ್ಲಿಲ್ಲ. ಇಲ್ಲಿರುವುದು ಮಂಡಿ ನೋವಿನ ಅಮ್ಮ. ತಗ್ಗಿನ ಸೋಫಾದಿಂದ ಏಳಬೇಕಾದರೆ ಎರಡೂ ಕೈ ಊರಿ, ಒಮ್ಮೆ ಮುಂದಕ್ಕೆ ತೂಗಿ, “ಶಿವಾ” ಎಂದು ಏಳುತ್ತಾರೆ. ಅವರ ಬೆಂಚಿಗೆ ಹತ್ತೊಂಬತ್ತು ಇಂಚು ಬೇಕು, ಪಕ್ಕದಲ್ಲಿ ಕೈ ಊರಲು ಒಂದು ಹಿಡಿ ಬೇಕು. ಇಂಥದ್ದು ಯಾವ ಶೋರೂಮಿನಲ್ಲೂ ಕಂಡಿಲ್ಲ. ಟೇಪು ಹಿಡಿದು ಅವರ ಮಂಡಿಯ ಪಕ್ಕ ಕೂತರೆ, “ಏನೋ ಇದು, ದರ್ಜಿ ಹಾಗೆ!” ಎಂದು ನಗುತ್ತಾರೆ. ಆಮೇಲೆ ತಾವಾಗಿ ಬೇಡಿಕೆ ಇಡುತ್ತಾರೆ. “ಕೆಳಗೆ ಒಂದು ಖಾನೆ ಇರಲಿ. ಹೂಬತ್ತಿ ಡಬ್ಬ, ಕನ್ನಡಕ, ಮಾತ್ರೆ. ಬಗ್ಗಬಾರದು, ನೋಡು.” ಬಗ್ಗದೆ ಕೈಗೆ ಸಿಗುವ ಕೆಳಗಿನ ಖಾನೆ! ಕೊನೆಗೆ ಅದು ಪಕ್ಕಕ್ಕೆ ಬಂದು, ಕೈ ಊರುವ ಹಿಡಿಯೇ ಡಬ್ಬಗಳ ಪೆಟ್ಟಿಗೆಯಾಯಿತು. ಬೆಂಚಿನಲ್ಲಿ ಎಲ್ಲರೂ ಮೆಚ್ಚುವುದು ಆ ಭಾಗವನ್ನೇ. ವಿನ್ಯಾಸ ಅಮ್ಮನದು.

ಮಗನ ಅಳತೆಯದು ಬೇರೆ ಫಜೀತಿ. ಅವನು ಒಂದು ಕಡೆ ನಿಲ್ಲುವುದಿಲ್ಲ, ಬೆಳೆಯುತ್ತಲೇ ಇರುತ್ತಾನೆ. ಅವನ ಮೇಜಿನ ಕಾಲುಗಳಲ್ಲಿ ಎರಡೆರಡು ಇಂಚಿಗೆ ತೂತು ಕೊರೆದು ಬೋಲ್ಟು ಹಾಕಿದ್ದೇನೆ. ವರ್ಷಕ್ಕೊಂದು ತೂತು ಮೇಲೆ ಹೋಗಬಹುದು.

ಪುಸ್ತಕದ ಕಪಾಟಿಗೆ ಬಂದರೆ ಅಳೆಯಬೇಕಾದ್ದು ಪುಸ್ತಕವನ್ನು. ಕನ್ನಡದ ಕಾದಂಬರಿ, ಕಥೆ, ಪ್ರಬಂಧ ಬಹುಪಾಲು 1/8 ಡೆಮಿ ಆಕಾರದವು, ಎಂಟೂವರೆ ಇಂಚು ಎತ್ತರ, ಐದೂವರೆ ಅಗಲ. ಅವಕ್ಕೆ ಏಳು ಇಂಚು ಆಳದ ಹಲಗೆ ಧಾರಾಳವಾಯಿತು. ಅಂಗಡಿಯವರು ಒಂದಡಿ ಆಳ ಕೊಡುತ್ತಾರೆ. ಆಗ ಪುಸ್ತಕದ ಮುಂದೆ ಜಗಲಿಯೊಂದು ಏಳುತ್ತದೆ. ಆ ಜಗಲಿಯ ಮೇಲೆ ಬೀಗದಕೈ, ಚಾರ್ಜರು, ಮದುವೆ ಕಾಗದ, ಚನ್ನಪಟ್ಟಣದ ಗೊಂಬೆ ಬಂದು ಕೂರುತ್ತವೆ. ಪುಸ್ತಕ ತೆಗೆಯಲು ಗೊಂಬೆಯ ಅಪ್ಪಣೆ ಬೇಕು.

ಹಲಗೆಯ ಉದ್ದದಲ್ಲಿ ಮಾತ್ರ ಆಸೆ ಪಡಬಾರದು. ಪುಸ್ತಕ ಭಾರದ ಸಾಮಾನು. ಹಲಗೆಯ ಉದ್ದ ಎರಡು ಪಟ್ಟಾದರೆ, ಅದರ ತುಂಬ ಪುಸ್ತಕವಿಟ್ಟಾಗ ನಡುವಿನ ಬಾಗು ಎರಡು ಪಟ್ಟಾಗುವುದಿಲ್ಲ, ಹದಿನಾರು ಪಟ್ಟಾಗುತ್ತದೆ. ಎಂಜಿನಿಯರಿಂಗ್ ಓದಿದವರಿಗೆ ಸೂತ್ರ ಗೊತ್ತು. ಉಳಿದವರು ಯಾವುದಾದರೂ ಹಳೇ ಲೈಬ್ರರಿಯ ಕಪಾಟಿಗೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. 18 ಮಿಲಿಮೀಟರ್ ಪ್ಲೈಗೆ ಎರಡೂವರೆ ಅಡಿ ಒಳ್ಳೆಯ ಮಿತಿ. ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟ ಇಟ್ಟುಕೊಳ್ಳುವವರು ಎರಡಡಿಗೇ ನಿಲ್ಲಿಸಲಿ. ಇಲ್ಲವೇ ಹಲಗೆಯ ಮುಂದಂಚಿನ ಕೆಳಗೆ ಒಂದೂವರೆ ಇಂಚಿನ ಪಟ್ಟಿಯನ್ನು ನಿಲ್ಲಿಸಿ ಅಂಟಿಸಲಿ. ನೋಡಲು ಅಲಂಕಾರದ ಹಾಗಿರುತ್ತದೆ, ಭಾರ ಹೊರುವುದು ಅದೇ.

ಜೋಡಿಸುವ ಕೆಲಸ ಬೇಗ ಹೇಳಿಬಿಡುತ್ತೇನೆ. ಸ್ಕ್ರೂ ಹಾಕುವ ಮುಂಚೆ ಸಣ್ಣ ತೂತು ಕೊರೆಯಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಪದರ ಸೀಳುತ್ತದೆ. ಫೆವಿಕಾಲ್ ಒಣಗಲು ಒಂದು ದಿನ ಬಿಡಬೇಕು. ಪೆಟ್ಟಿಗೆ ನೇರವಾಗಿದೆಯೇ ಎಂದು ನೋಡಲು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಬೇಕು. ಎರಡೂ ಒಂದೇ ಬಂದರೆ ಮೂಲೆಮಟ್ಟ ಸರಿ. ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ ಗರಗಸ ಮುಟ್ಟಬಾರದು. ಇದು ಕೆಳಗಿನ ಮನೆಯವರ ನಿಯಮ.

ಮನೆಯಲ್ಲಿ ನಿಜವಾದ ಜಗಳ ಹತ್ತುವುದು ಅಂಚಿನ ವಿಷಯಕ್ಕೆ. ಕೊಯ್ದ ಪ್ಲೈವುಡ್ಡಿನ ಅಂಚಿನಲ್ಲಿ ಪದರಗಳು ತಿಳಿ, ಕಂದು, ತಿಳಿ, ಕಂದು ಎಂದು ಗೆರೆ ಎಳೆದಂತೆ ಕಾಣುತ್ತವೆ. ನನಗೆ ಅದು ಚಂದ. ಚೆನ್ನಾಗಿ ಉಜ್ಜಿ ಪಾಲಿಶ್ ಕೊಟ್ಟರೆ ಇನ್ನೂ ಚಂದ. ಹೆಂಡತಿಗೆ ಅದು ಮುಗಿಯದ ಕೆಲಸ. “ಸನ್‌ಮೈಕಾ ಯಾವಾಗ ಹಚ್ತೀರಾ?” ನಾನು ದೊಡ್ಡವರ ಹೆಸರು ಹೇಳಿ ವಾದಿಸುತ್ತೇನೆ. ಅಮೆರಿಕದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ದಂಪತಿ ಎರಡನೇ ಮಹಾಯುದ್ಧದಲ್ಲಿ ಗಾಯಾಳುಗಳ ಕಾಲಿಗೆ ಕಟ್ಟಲು ಪ್ಲೈವುಡ್ಡನ್ನು ಬಾಗಿಸಿ ಆಸರೆಪಟ್ಟಿ ಮಾಡಿದರು. ಯುದ್ಧ ಮುಗಿದ ಮೇಲೆ ಅದೇ ವಿದ್ಯೆಯಲ್ಲಿ ಕುರ್ಚಿ ಮಾಡಿದರು, ಅಂಚನ್ನು ಮುಚ್ಚಲಿಲ್ಲ. 1958ರಲ್ಲಿ ಭಾರತಕ್ಕೆ ಬಂದು ಸರ್ಕಾರಕ್ಕೆ ವರದಿ ಬರೆದುಕೊಟ್ಟರು, ಅದರಲ್ಲಿ ನಮ್ಮ ಚೊಂಬನ್ನು ಬಾಯ್ತುಂಬ ಹೊಗಳಿದರು. ಅಹಮದಾಬಾದಿನ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಆ ವರದಿಯಿಂದ. ಇಷ್ಟೂ ಕೇಳಿಸಿಕೊಂಡು ಹೆಂಡತಿ ಹೇಳಿದ್ದು, “ಅವರ ಮನೆಗೆ ನಿಮ್ಮ ಅತ್ತಿಗೆ ಬರ್ತಿರಲಿಲ್ಲ.” ಹಾಲಿನ ಕಪಾಟಿಗೆ ಪಟ್ಟಿ ಅಂಟಿಸಿದ್ದಾಯಿತು. ನನ್ನ ಕೋಣೆಯದು ಹಾಗೇ ಇದೆ.

ಅತ್ತಿಗೆ ಬಂದರು, ಅಮ್ಮನ ಬೆಂಚಿನಲ್ಲಿ ಕೂತು ಎದ್ದು ನೋಡಿದರು, ಜೊತೆಯಲ್ಲಿದ್ದ ಅಣ್ಣನಿಗೆ ಏನೋ ಹೇಳಿದರು. ಮರುದಿನ ಅಣ್ಣನ ಫೋನು. ಟಿವಿ ಇಡಲು ಒಂದು ಕಪಾಟು ಮಾಡಿಕೊಡಬೇಕಂತೆ. “ಟಿವಿ ಎಷ್ಟಿಂಚು?” ಎಂದೆ. ಐವತ್ತೈದು ಎಂದ. “ಹಾಗಾದರೆ ಅಗಲ ಸರಿಯಾಗಿ ನಾಲ್ಕಡಿ” ಎಂದೆ. ಐವತ್ತೈದು ಎನ್ನುವುದು ಮೂಲೆಯಿಂದ ಮೂಲೆಗೆ ಹಿಡಿದ ಅಳತೆ, ಅಡ್ಡಕ್ಕೆ ಸುಮಾರು ನಲವತ್ತೆಂಟೇ. ಎದ್ದು ಹೋಗಿ ಅಳೆದು ಬಂದವನು, “ಅಲ್ಲಿ ಕೂತು ನಿನಗೆ ಹೇಗೋ ಗೊತ್ತಾಯ್ತು?” ಎಂದ. ಸೋಫಾದಲ್ಲಿ ಕೂತಾಗ ನಿಮ್ಮಿಬ್ಬರ ಕಣ್ಣಿನ ಎತ್ತರ ನೆಲದಿಂದ ಎಷ್ಟು, ಬೇರೆ ಬೇರೆಯಾಗಿ ಅಳೆದು ಕಳಿಸಿ ಎಂದಿದ್ದೇನೆ. ಅಣ್ಣನದು ಬಂದಿದೆ. ಅತ್ತಿಗೆ ಟೇಪನ್ನು ಹತ್ತಿರ ಬಿಟ್ಟುಕೊಳ್ಳುತ್ತಿಲ್ಲವಂತೆ.