ಗೋಡಂಬಿ ಇಲ್ಲದ ಪಾಯಸ

ತಮ್ಮನ ನಿಶ್ಚಿತಾರ್ಥ ತಿಪಟೂರಿನಲ್ಲಿ, ಹುಡುಗಿ ಮನೆಯಲ್ಲೇ. "ವಿಡಿಯೋದವರು ಮದುವೆಗೆ ಬಂದರೆ ಸಾಕು, ನಿನ್ನ ಹತ್ರ ಕ್ಯಾಮೆರಾ ಇದೆಯಲ್ಲ" ಎಂದರು ಅಪ್ಪ. ಅದನ್ನು ಕೊಂಡಾಗ "ದುಡ್ಡು ದಂಡ" ಎಂದವರೂ ಅವರೇ.

ಹೊರಡುವ ಮುಂಚೆ ನಮ್ಮ ಅಂಗಳದ ಬಿಸಿಲಿನಲ್ಲಿ ಎಲ್ಲ ಸೆಟ್ಟಿಂಗ್ ಮಾಡಿಕೊಂಡೆ. ಶಟರ್ 1/500, ಅಂದರೆ ಒಂದೊಂದು ಫ್ರೇಮಿಗೂ ಸೆಕೆಂಡಿನ ಐನೂರರಲ್ಲೊಂದು ಪಾಲು ಹೊತ್ತು ಮಾತ್ರ ಬೆಳಕು. ಬೆಳಕಿನ ಬಣ್ಣಕ್ಕೆ ತಕ್ಕಂತೆ ಇಡುವ ವೈಟ್ ಬ್ಯಾಲೆನ್ಸ್ 5600, ಬಿಸಿಲಿನದು. ದಾಸವಾಳ ಎಷ್ಟು ಚೆನ್ನಾಗಿ ಬಂತೆಂದರೆ, ಆಮೇಲೆ ಯಾವುದನ್ನೂ ಮುಟ್ಟಲೇ ಇಲ್ಲ.

ಹುಡುಗಿ ಮನೆಯದು ಹಳೇ ಕಾಲದ ನಡುಮನೆ. ಹಗಲಲ್ಲೂ ಲೈಟು ಬೇಕು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. 1/500 ಶಟರಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಪುರೋಹಿತರು ಲಗ್ನಪತ್ರಿಕೆ ಓದಿ ಮುಗಿಸುವ ತನಕ ಅವರ ಮೈಮೇಲೆ ಕಪ್ಪು ಪಟ್ಟಿಗಳು ಹತ್ತಿ ಇಳಿದವು. ಸೆಕೆಂಡಿಗೆ 25 ಫ್ರೇಮ್ ಹಿಡಿಯುವಾಗ 1/50 ಶಟರ್ ಇಟ್ಟಿದ್ದರೆ ಈ ಕಾಟ ಇರುತ್ತಿರಲಿಲ್ಲ. ಇದು ತಿಳಿದದ್ದು ಮನೆಗೆ ಬಂದ ಮೇಲೆ. ಶಟರ್ ಅಷ್ಟು ಬೇಗ ಮುಚ್ಚಿಕೊಂಡರೆ ಬೆಳಕೂ ಸಾಲದು. ಕ್ಯಾಮೆರಾ ತಾನಾಗೇ ಐಎಸ್‌ಒ 12800ಕ್ಕೆ ಏರಿಸಿಕೊಂಡಿತ್ತು. ಐಎಸ್‌ಒ ಏರಿದರೆ ಕತ್ತಲಲ್ಲೂ ಚಿತ್ರ ಬೆಳಗುತ್ತದೆ, ಆದರೆ ಕಾಳುಕಾಳಾಗುತ್ತದೆ. "ಹುಡುಗಿ ಮುಖದ ಮೇಲೆ ಯಾಕೋ ರವೆ ಚೆಲ್ಲಿದೆ?" ಎಂದಳು ಅಮ್ಮ. ಹಳದಿ ಬಲ್ಬಿನ ಕೆಳಗೆ ಕೂತವರೆಲ್ಲ ಅರಿಶಿನ ಶಾಸ್ತ್ರ ಮುಗಿಸಿಕೊಂಡು ಬಂದವರ ಹಾಗಿದ್ದರು. ಅಂಥ ಬಲ್ಬಿಗೆ ವೈಟ್ ಬ್ಯಾಲೆನ್ಸ್ 3200ರ ಹತ್ತಿರ ಇಡಬೇಕಂತೆ.

ಇನ್ನು ಕೆಂಪು ಗುಂಡಿ. ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಗಡಿಬಿಡಿಯಲ್ಲಿ ಎರಡು ಸಲ ಒತ್ತಿರಬೇಕು. ಅಲ್ಲಿಂದ ಎಲ್ಲ ಉಲ್ಟಾ. ಉಂಗುರ ತೊಡಿಸುವಾಗ ಉಸಿರು ಬಿಗಿಹಿಡಿದು, ಮಂಡಿಯೂರಿ, ಎಷ್ಟು ಶ್ರದ್ಧೆಯಿಂದ ಹಿಡಿದಿದ್ದೆ ಅಂತೀರಿ! ಒಂದು ಸೆಕೆಂಡೂ ದಾಖಲಾಗಿಲ್ಲ. "ಮುಗೀತು" ಎಂದು ಗುಂಡಿ ಒತ್ತಿ, ಕ್ಯಾಮೆರಾವನ್ನು ಕುತ್ತಿಗೆಗೆ ನೇತುಹಾಕಿಕೊಂಡು ಊಟಕ್ಕೆ ಹೋದೆ. ಅಲ್ಲಿಂದ 18 ನಿಮಿಷ ಬರೀ ಕಾಲುಗಳು.

ಊಟ ಹಿತ್ತಲಲ್ಲಿ, ಬಯಲಲ್ಲಿ. ಬಿಸಿಲಿಗೆ ನನ್ನ ಸೆಟ್ಟಿಂಗ್ ಹೇಳಿ ಮಾಡಿಸಿದ ಹಾಗಿತ್ತು. ಪಟ್ಟಿ ಇಲ್ಲ, ರವೆ ಇಲ್ಲ. ಕಾಲುಂಗುರ ಫಳಫಳ ಹೊಳೆಯುತ್ತಿತ್ತು. ನಾನು ಮಾತ್ರ "ಬರೀ ಕಾಲು" ಎಂದು ಅದನ್ನು ಓಡಿಸಿ ನೋಡಿದ್ದೆ. ಅಳಿಸಿರಲಿಲ್ಲ.

ಮುಂದಿನ ವಾರ ಬೀಗರು ಮನೆಗೆ ಬಂದರು. ಅಪ್ಪ ಜಂಬದಿಂದ ಪೆನ್‌ಡ್ರೈವ್ ತಂದು ಟೀವಿಗೆ ಹಾಕಿದರು. ಕಾಲುಗಳು ಬಂದವು. ಜೊತೆಗೆ ದೊಡ್ಡಮ್ಮನ ದನಿ, ಗಂಟೆ ಬಾರಿಸಿದಷ್ಟು ಸ್ಪಷ್ಟ: "ಅಲ್ಲ ಕಣೇ, ಪಾಯಸಕ್ಕೆ ನಾಲ್ಕು ಗೋಡಂಬಿ ಹಾಕೋಕೂ ಯೋಚನೆ ಮಾಡ್ತಾರಲ್ಲ, ಇನ್ನು ಮದುವೆ ಹೆಂಗೆ ಮಾಡ್ತಾರೆ?"

ನಾನು ರಿಮೋಟ್ ಹುಡುಕಿದೆ. ಅದರ ಮೇಲೆ ದೊಡ್ಡಮ್ಮನೇ ಕೂತಿದ್ದರು.

ಬೀಗಿತ್ತಿ ಕಾಫಿ ಲೋಟ ಕೆಳಗಿಟ್ಟರು. "ಮದುವೆಗೆ ಎಷ್ಟು ಕೆಜಿ ಹಾಕಿಸೋಣ, ನೀವೇ ಹೇಳಿಬಿಡಿ ಅಕ್ಕ."