ಸತ್ಯಾಂಶ: ಅರಲಾರ್ ಪಕ್ಷವನ್ನು ಸ್ಪೇನ್ ನಿಷೇಧಿಸಿತ್ತೇ?

‘ಬಾಸ್ಕ್ ನಾಡಿನ ಎಡಪಂಥೀಯ ರಾಷ್ಟ್ರವಾದಿಗಳೆಲ್ಲ ಎಟಾ ಉಗ್ರರ ಮುಖವಾಡ, ಅರಲಾರ್ ಪಕ್ಷವನ್ನೂ ಕೋರ್ಟ್ ನಿಷೇಧಿಸಿತು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸುಳ್ಳು. (ಎಟಾ ಎಂದರೆ ಉತ್ತರ ಸ್ಪೇನಿನ ಬಾಸ್ಕ್ ನಾಡಿನ ಸ್ವಾತಂತ್ರ್ಯಕ್ಕಾಗಿ ಬಂದೂಕು ಹಿಡಿದಿದ್ದ ಸಂಘಟನೆ; ಅರಲಾರ್ ಅದೇ ಸ್ವಾತಂತ್ರ್ಯ ಬಯಸಿದ ಎಡಪಂಥೀಯ ಪಕ್ಷ.)

2003ರಲ್ಲಿ ಸ್ಪೇನಿನ ಸುಪ್ರೀಂ ಕೋರ್ಟ್ ನಿಷೇಧಿಸಿದ್ದು ಬಾಸ್ಕ್ ಸ್ವಾತಂತ್ರ್ಯವಾದಿ ಬತಸುನಾ ಪಕ್ಷವನ್ನು. ಎಟಾ ಜತೆಗಿನ ನಂಟೇ ಅದಕ್ಕೆ ಕಾರಣ. ಅರಲಾರ್ ಹುಟ್ಟಿದ್ದು ಅದೇ ಬಳಗದೊಳಗೆ, ನಿಜ. ಗೊಂದಲದ ಮೂಲವೂ ಬಹುಶಃ ಅದೇ. ಆದರೆ ಬಾಸ್ಕ್ ನಾಡಿನ ಪಕ್ಕದ ಪ್ರಾಂತ್ಯ ನವಾರ್‌ನ ವಕೀಲ, ಬಾಸ್ಕ್ ಲೇಖಕ ಪಾಚಿ ಸಬಲೇಟಾ ಮತ್ತು ಸಂಗಡಿಗರು 2001ರಲ್ಲಿ ಹೊರಬಂದದ್ದೇ ಎಟಾ ಹಿಂಸೆಯನ್ನು ಒಪ್ಪದೆ. ಸ್ವಾತಂತ್ರ್ಯದ ಗುರಿ ಬಿಡಲಿಲ್ಲ, ಬಂದೂಕಿನ ದಾರಿ ಬಿಟ್ಟರು. ಎಟಾ ಇನ್ನೂ ಕೊಲ್ಲುತ್ತಿದ್ದ ಕಾಲದಲ್ಲಿ ಹಳೆಯ ಒಡನಾಡಿಗಳ ಎದುರು ಹೀಗೆ ಹೇಳುವುದು ಸುಲಭದ ಮಾತಲ್ಲ.

ಮತದಾರರೂ ಕೈಬಿಡಲಿಲ್ಲ. ಬಾಸ್ಕ್ ಸಂಸತ್ತಿನಲ್ಲಿ 2005ರಲ್ಲಿ ಇದ್ದ 1 ಸ್ಥಾನ 2009ರಲ್ಲಿ 4ಕ್ಕೆ ಏರಿತು. ಆ ಸಲ ಬತಸುನಾ ನಂಟಿನ ಪಟ್ಟಿಗಳಿಗೆ ಸ್ಪರ್ಧೆಗೆ ಅವಕಾಶ ಇರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನವಾರ್‌ನಲ್ಲಿ ಅರಲಾರ್ ಸೇರಿದ್ದ ನಫರೋವಾ ಬಾಯ್ ಮೈತ್ರಿಕೂಟ 2007ರಲ್ಲಿ ಪ್ರಾಂತ್ಯದ ಸಂಸತ್ತಿನ 12 ಸ್ಥಾನ ಗೆದ್ದಿತು.

‘ಕೊನೆಗೆ ಹಳೆಯ ಗುಂಪಿನ ಜತೆಗೇ ಸೇರಿದರಲ್ಲ?’ ಎನ್ನಬಹುದು. ಸೇರಿದರು, ಬಾಸ್ಕ್ ಎಡಪಂಥೀಯ ಸ್ವಾತಂತ್ರ್ಯವಾದಿಗಳ 2012ರ ಇಎಚ್ ಬಿಲ್ದು ಮೈತ್ರಿಯಲ್ಲಿ. ಅಷ್ಟರಲ್ಲಿ, 2011ರ ಅಕ್ಟೋಬರ್ 20ರಂದು, ಎಟಾ ಸಶಸ್ತ್ರ ಹೋರಾಟ ನಿಲ್ಲಿಸುವುದಾಗಿ ಘೋಷಿಸಿತ್ತು. ಅಂದರೆ ಹಿಂಸೆಯ ಬಗ್ಗೆ ನಿಲುವು ಬದಲಿಸಿದ್ದು ಅರಲಾರ್ ಅಲ್ಲ, ಎದುರಿನವರು.

2017ರ ಕೊನೆಯಲ್ಲಿ ಪಕ್ಷ ವಿಸರ್ಜನೆಯಾದದ್ದು ತನ್ನದೇ ಸದಸ್ಯರ ತೀರ್ಮಾನದಿಂದ, ಕೋರ್ಟಿನ ಆದೇಶದಿಂದಲ್ಲ.